ನೂರ ನಲವತ್ತರ ಗೆರೆ

ಮಧ್ಯಾಹ್ನದ ಊಟ ಮುಗಿಸಿ ಬಂದ ಸಂಶೋಧಕಿ ಸ್ಫೂರ್ತಿ ಪ್ರಯೋಗಾಲಯದ ಕಪಾಟು ತೆರೆದಳು. ತವರದ ಹಾಳೆ ಇರಲಿಲ್ಲ.

ಉಗುರಿನಷ್ಟೇ ಅಗಲದ ಹಾಳೆ. ಆದರೆ ಅದು ತವರದ ಅಪರೂಪದ ಹಗುರ ಐಸೊಟೋಪು. ನಾಡಿದ್ದು ದೆಹಲಿಯ ವೇಗವರ್ಧಕದಲ್ಲಿ ಅದಕ್ಕೆ ಅಯಾನುಗಳನ್ನು ಅಪ್ಪಳಿಸಿ, ನ್ಯೂಟ್ರಾನ್ ಕೊರತೆಯ ಪರಮಾಣು ಬೀಜಗಳನ್ನು ಹುಟ್ಟಿಸಬೇಕಿತ್ತು. ಅವು ಉದ್ರೇಕ ಇಳಿದು ಶಾಂತವಾಗುವಾಗ ಹೊಮ್ಮುವ ಗಾಮಾ ಕಿರಣಗಳನ್ನು ಅಳೆಯಬೇಕಿತ್ತು. ಆ ಸರದಿಗಾಗಿ ಸ್ಫೂರ್ತಿ ಎರಡು ವರ್ಷ ಕಾದಿದ್ದಳು. ಬೀಗದ ಕೈ ಇದ್ದದ್ದು ಅವಳ ಬಳಿ. ಆರೋಪವೂ ಅವಳ ಮೇಲೇ ಬಂತು.

ವೈಟ್‌ಫೀಲ್ಡ್ ಠಾಣೆಯಿಂದ ಬಂದ ಸಬ್ ಇನ್ಸ್‌ಪೆಕ್ಟರ್ ಶರಣಮ್ಮ ಮೊದಲು ಹುಡುಗಿಗೆ ನೀರು ಕೊಡಿಸಿದಳು. ಪ್ರಯೋಗಾಲಯದ ಗಾಮಾ ಕಿರಣ ಅಳೆಯುವ ಯಂತ್ರವನ್ನು ತಣ್ಣಗಿಡುವ ನೈಟ್ರೋಜನ್ ತರುವ ಗಂಗಪ್ಪನ ಮೇಲೆ ಅನುಮಾನವಿತ್ತು. ಆದರೆ ಅವನು ಊಟದ ಹೊತ್ತೆಲ್ಲ ಗೇಟಿನಲ್ಲೇ ಇದ್ದನೆಂದು ಕಾವಲುಗಾರ ಹೇಳಿದ. ಹಿರಿಯ ವಿಜ್ಞಾನಿ ಈರೇಶ್ ವರಾಂಡದಲ್ಲೇ ನಿಂತು, ತಾನು ಅರ್ಧ ದಿನ ರಜೆಯಲ್ಲಿದ್ದೆ, ಇವತ್ತು ಈ ಕೋಣೆಗೆ ಕಾಲೇ ಇಟ್ಟಿಲ್ಲ ಎಂದರು.

ಸ್ಫೂರ್ತಿ ಅಳುಕುತ್ತ, ಕಿರಣಗಳ ಶಕ್ತಿಯನ್ನು ದಾಖಲಿಸುವ ಯಂತ್ರದ ಪರದೆ ತೋರಿಸಿದಳು. ಅಲ್ಲೊಂದು ಗೆರೆ ಎದ್ದಿತ್ತು.

“ನೂರ ನಲವತ್ತು. ನಮ್ಮ ಕೋಣೇಲಿ ಇದು ಬರೋ ಹಾಗಿಲ್ಲ ಮೇಡಂ. ಊಟದ ಹೊತ್ತಲ್ಲಿ ಮಾತ್ರ ಬಂದು ಹೋಗಿದೆ. ಮಿಷಿನ್ ಕೆಟ್ಟಿರ್ಬೇಕು.”

* * *

ಕ್ಯಾಂಟೀನಿನ ಭದ್ರಮ್ಮ ಚಹಾ ಕೊಡುತ್ತ ನೊಂದುಕೊಂಡಳು. ಅವಳ ಮೊಮ್ಮಗಳನ್ನು ಈರೇಶ್ ದಿನಾ ಎತ್ತಿ ಆಡಿಸುತ್ತಿದ್ದರಂತೆ.

“ಇವತ್ತು ಕೂಸು ಅವ್ರ ತಾವ ಓಡೋದ್ರೆ ಇಂದಕ್ಕೆ ಸರಿದ್ರು ಕಣಕ್ಕ. ದೂರ ಕರ್ಕಂಡೋಗಮ್ಮ ಅಂದ್ರು.”

ಶರಣಮ್ಮನ ಲೋಟ ತುಟಿಯ ಬಳಿಯೇ ನಿಂತಿತು. ಹೋದ ವರ್ಷ ಅವಳ ತಾಯಿಗೆ ಮೂಳೆಯ ಸ್ಕ್ಯಾನ್ ಮಾಡಿದ ವೈದ್ಯರು, ಇವತ್ತೊಂದು ದಿನ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದಿದ್ದರು.

* * *

ಒಬ್ಬೊಬ್ಬರೇ ಯಂತ್ರದ ಮುಂದೆ ನಿಲ್ಲಬೇಕೆಂದಳು ಶರಣಮ್ಮ. ಗಂಗಪ್ಪ ನಿಂತ. ಏನೂ ಇಲ್ಲ. ಸ್ಫೂರ್ತಿ ನಿಂತಳು. ಏನೂ ಇಲ್ಲ. ಈರೇಶ್ ಕದಲಲಿಲ್ಲ.

“ನಂಗೆ ಹುಷಾರಿಲ್ಲ.”

“ಗೊತ್ತು ಸಾರ್. ಬೆಳಗ್ಗೆ ಸ್ಕ್ಯಾನ್ ಆಗಿದೆ ಅಲ್ವಾ? ಬನ್ನಿ.”

ಅವರು ಹೊಸಿಲು ದಾಟಿದರು. ಅದೇ ನೂರ ನಲವತ್ತರಲ್ಲಿ ಗೆರೆ ಕಂಬದಂತೆ ಎದ್ದಿತು.

“ಟೆಕ್ನೀಷಿಯಂ,” ಎಂದಳು ಸ್ಫೂರ್ತಿ, ಉಸಿರಿನಲ್ಲೇ. ಸ್ಕ್ಯಾನಿಗೆಂದು ರಕ್ತಕ್ಕೆ ಸೇರಿಸುವ ಮದ್ದು ಅದು. ದಿನವಿಡೀ ಮೈಯಿಂದ ಗಾಮಾ ಕಿರಣ ಸೂಸುತ್ತದೆ. ಕಾಲಿಟ್ಟಿಲ್ಲ ಎಂದವರನ್ನು ಯಂತ್ರ ಊಟದ ಹೊತ್ತಿನಲ್ಲೇ ಕಂಡಿತ್ತು. ಹಾಳೆ ಅವರ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಹಿಂದೆ ಕಪಾಟಿನ ಉಸ್ತುವಾರಿಯಲ್ಲಿದ್ದಾಗ ಮಾಡಿಸಿಕೊಂಡ ನಕಲಿ ಬೀಗದ ಕೈಯೂ ಜೊತೆಗಿತ್ತು. ಸ್ಫೂರ್ತಿಯ ಸರದಿ ತಪ್ಪಿದ್ದರೆ ಅದು ಅವರಿಗೇ ಸಿಗುತ್ತಿತ್ತು.

“ಆ ಕೂಸಿಗೆ ತಾಗಬಾರ್ದು ಅಂತ ಅಷ್ಟು ಜೋಪಾನ ಮಾಡಿದ್ರಿ,” ಎಂದಳು ಶರಣಮ್ಮ. “ಈ ಹುಡುಗಿ ನೆನಪಾಗ್ಲಿಲ್ವಾ ಸಾರ್?”

ಈರೇಶ್ ಅವಳ ಹಿಂದೆ ಹೊರಟರು. ಬಾಗಿಲ ಬಳಿ ತಿರುಗಿದರು.

“ನೈಟ್ರೋಜನ್ ಇಳಿದಿದೆ ಸ್ಫೂರ್ತಿ. ಈಗ್ಲೇ ತುಂಬಿಸು, ಡಿಟೆಕ್ಟರ್ ಬಿಸಿಯಾಗ್ಬಿಡುತ್ತೆ.”

“ಆಯ್ತು ಸಾರ್,” ಎಂದುಬಿಟ್ಟಳು ಅವಳು, ಎಂದಿನ ರೂಢಿಯಲ್ಲಿ. ಆಮೇಲೆ ಕಣ್ಣೊರೆಸಿಕೊಂಡು ಗಂಗಪ್ಪನನ್ನು ಕರೆದಳು.