ಅವಳ ಗಂಡ ಕೊಟ್ಟ ಮಾತ್ರೆ

ಕತ್ತರಿ ನನ್ನ ಕುತ್ತಿಗೆಗೆ ಒತ್ತಿತ್ತು!

ಬಟ್ಟೆ ಕತ್ತರಿಸುವ ಉದ್ದನೆಯ ಕತ್ತರಿ. ಹಿಡಿದಿದ್ದವನು ಟೈಲರ್. ನನ್ನ ಮಾಜಿ ಹೆಂಡತಿಯ ಹಾಲಿ ಗಂಡ. ಮೆಡಿಕಲ್ ಶಾಪಲ್ಲಿ ಮಾತ್ರೆ ಕೊಂಡು ಜೇಬಿಗಿಳಿಸಿ, ಹಿಂದಿನ ಗಲ್ಲಿಯಲ್ಲಿ ನನಗಾಗಿಯೇ ಹೊಂಚು ಹಾಕಿದ್ದ.

"ನನ್ನ ಹಿಂದೆ ಯಾಕೋ ಬಿದ್ದಿದ್ದೀಯಾ?"

"ಜೇಬಲ್ಲಿರೋ ಮಾತ್ರೆ ತೆಗಿ," ಅಂದೆ.

ಪತ್ತೇದಾರಿಕೆ ನನ್ನ ಹೊಟ್ಟೆಪಾಡು. ಈ ಕೇಸ್ ತಂದವಳು ನನ್ನ ಮಾಜಿ ಹೆಂಡತಿಯ ಅಕ್ಕ. "ತಂಗಿಗೆ ನಿಂತೇ ಹೋಗಿದ್ದ ಫಿಟ್ಸ್ ಮತ್ತೆ ಶುರುವಾಗಿದೆ. ನಿನ್ನೆ ಮೆಟ್ಟಿಲ ಮೇಲೇ ಬಿದ್ದಳು. ಇನ್ನೊಂದು ಸಲ ಹಾಗೆ ಬಿದ್ರೆ ಉಳಿಯಲ್ಲ ಕಣೋ! ಇವನೇ ಏನೋ ಕೊಡ್ತಿದ್ದಾನೆ..." ಅಂತ ಅತ್ತಳು.

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ ಸಾರ್... ಒಳಗೊಳಗೇ ಖುಷಿಯೂ ಆಯಿತು. ಅವನು ವಿಷ ಹಾಕುವವನೇ ಆಗಿರಲಿ ಅಂತ ಆಸೆಪಟ್ಟೆ. ಅವಳು ಅವನ ಜೊತೆ ನಗುವುದನ್ನು ಕಂಡಾಗೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಟೈಲರ್‌ಗೆ ಮಂಡಿಯಿಂದ ಒಂದು ಕೊಟ್ಟೆ. ಕತ್ತರಿ ಹಾರಿತು. ಅವನು ಓಡಿದ!

ಗಲ್ಲಿ... ಪಾರ್ಕಿಂಗ್... ಲಾಂಡ್ರಿಯವರು ಹರವಿದ್ದ ಒದ್ದೆ ಬೆಡ್‌ಶೀಟ್‌ಗಳು... ಕಾಂಪೌಂಡ್ ಹತ್ತುವಾಗ ಕಾಲು ಹಿಡಿದು ಎಳೆದೆ. ದೊಪ್ಪನೆ ಬಿದ್ದ. ಜೇಬಿನಿಂದ ಮಾತ್ರೆಯ ಸ್ಟ್ರಿಪ್ ಕಸಿದುಕೊಂಡು ಅವಳ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆಯ ಹೆಸರು ಓದಿದೆ.

"ವಿಷ ತಾನೇ ಮೇಡಂ?"

"ಅಲ್ಲ. ಅದೂ ಫಿಟ್ಸ್ ಮಾತ್ರೆಯೇ."

ನನ್ನ ಮುಖ ಇಳಿದುಹೋಯಿತು.

"ಆದ್ರೆ ಅವರ ಥರದ ಫಿಟ್ಸ್‌ಗೆ ಅದು ಆಗಿಬರಲ್ಲ, ಕೆರಳಿಸುತ್ತೆ. ಸಾಲದು ಅಂತ ಲಿವರ್ ಕೆಲಸ ಜೋರು ಮಾಡಿ, ನಾನು ಕೊಟ್ಟ ಮಾತ್ರೆಯನ್ನ ಬೇಗ ಕರಗಿಸಿಬಿಡುತ್ತೆ. ಎರಡು ಸೇರಿದ್ರೆ ಡಬಲ್ ಅಲ್ಲ ಕಣ್ರೀ... ಇರೋದೂ ಹೋಗುತ್ತೆ!"

"ಎಸೆದುಬಿಡ್ಲಾ?"

"ಬೇಡ! ತಟ್ಟನೆ ನಿಲ್ಸಿದ್ರೂ ಅಪಾಯ. ಸ್ಟ್ರಿಪ್ ಸಮೇತ ಅವರನ್ನ ಈಗಲೇ ಕರ್ಕೊಂಡು ಬನ್ನಿ!"

ಅವನ ಕಾಲರ್ ಹಿಡಿದೆ. "ಯಾಕೋ ಕೊಟ್ಟೆ?"

"ವಿಟಮಿನ್ ಅಂತ ಹೇಳಿ ಕೊಟ್ಟೆ... ನಮ್ಮ ಚಿಕ್ಕಪ್ಪನಿಗೆ ಇದರಿಂದಲೇ ವಾಸಿಯಾಗಿತ್ತು." ಬಿಕ್ಕಿದ. "ಆ ಡಾಕ್ಟರನ್ನ ಹುಡುಕಿಕೊಟ್ಟಿದ್ದು ನೀನು. ದಿನಾ ಮಾತ್ರೆ ನುಂಗುವಾಗ ನಿನ್ನನ್ನೇ ನೆನೀತಾಳೆ! ನನ್ನಿಂದ ವಾಸಿಯಾಗ್ಲಿ ಅಂತ..."

ಎತ್ತಿದ ಮುಷ್ಟಿ ಹಾಗೇ ನಿಂತಿತು. ಇವನು ನನ್ನನ್ನು ನೋಡಿ ಉರಿಯುತ್ತಿದ್ದ... ನಾನು ಇವನನ್ನು ನೋಡಿ!

ನನ್ನ ಬೈಕಲ್ಲೇ ಅವನನ್ನು ಕೂರಿಸಿಕೊಂಡು ಅವರ ಮನೆಗೆ ಹೋದೆ. ಅವಳು ಅಡುಗೆಮನೆ ನೆಲದ ಮೇಲೆ ಬಿದ್ದು ಅದುರುತ್ತಿದ್ದಳು. ಇಬ್ಬರೂ ಸೇರಿ ಮಗ್ಗುಲಿಗೆ ತಿರುಗಿಸಿದೆವು. ತಲೆ ಕೆಳಗೆ ನನ್ನ ಜಾಕೆಟ್ ಇಟ್ಟೆ. ಆಂಬ್ಯುಲೆನ್ಸ್‌ನಲ್ಲಿ ಕಣ್ಣು ಬಿಟ್ಟವಳು ಹುಡುಕಿದ್ದು ಅವನ ಕೈ.

ಡಾಕ್ಟರು ಅವನ ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಬಿಡಿಸಿದರು. ಫಿಟ್ಸ್ ನಿಂತಿತು. ಅವಳು ಅವನಿಗೆ ಹಿಗ್ಗಾಮುಗ್ಗಾ ಬೈದಳು... ಆಮೇಲೆ ಅವನ ಹೆಗಲಿಗೇ ಒರಗಿದಳು.

"ಡಾಕ್ಟ್ರೇ, ಇವನನ್ನೂ ಸ್ವಲ್ಪಸ್ವಲ್ಪವೇ ಬಿಡಿಸೋಕಾಗುತ್ತಾ?" ಅಂದೆ.

ಮಂಚದಿಂದ ಸ್ಟೀಲ್ ಲೋಟ ಹಾರಿ ಬಂತು. ನೇರ ನನ್ನ ಹಣೆಗೆ!

ಕೈ ನಡುಗಿಲ್ಲ... ಗುರಿ ತಪ್ಪಿಲ್ಲ. ಹುಷಾರಾಗಿದ್ದಾಳೆ, ರಾಕ್ಷಸಿ!