ಸೌದೆಯ ಬುಧವಾರ

“ಇದು ಏಳನೇದು ಕಣ್ರೀ! ಏಳನೇದು!”

ಜಗಲಿಯ ಮೇಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬಿದ್ದದ್ದೇ ತಡ, ಮಲ್ಲಿಗಮ್ಮ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ. ಮನೆಗೆ ಸುಣ್ಣ ಬಳಿಯುವುದು ಬಾಕಿ, ಬೀಗರ ಕಡೆಯವರಿಗೆ ಸೀರೆ ತರುವುದು ಬಾಕಿ. ಇಲ್ಲಿ ನೋಡಿದರೆ ಈ ಮಹಾರಾಯ ಚಕ್ಕಳಮಕ್ಕಳ ಹಾಕಿ ಕುಳಿತು ಕುಡುಗೋಲಿನ ತುದಿಯಿಂದ ಪೆಟ್ಟಿಗೆಯ ಟೇಪು ಹರಿಯುತ್ತಿದ್ದಾನೆ! ಐವತ್ತಾರು ವರ್ಷದ ಗಂಡಸು, ತಲೆ ಪೂರ್ತಿ ನರೆತಿದೆ, ಕಣ್ಣಲ್ಲಿ ಮಾತ್ರ ಮಿಠಾಯಿ ಕಂಡ ಮಗುವಿನ ಹೊಳಪು. ಒಳಗಿಂದ ಹೊರಬಂದದ್ದು ಇನ್ನೇನು? ಮರ ಕೊಯ್ಯುವ ಮಿಷನ್ನು.

“ಸುಮ್ಕಿರಮ್ಮಿ, ಬಾಯ್ ಮಾಡ್ಬ್ಯಾಡ. ಇದರ ಚೈನ್ ಪಟ್ಟಿ ನೋಡು, ಎಷ್ಟುದ್ದ ಅದೆ! ಹುಣಸೆ ದಿಮ್ಮಿ ಕೊಟ್ರೂ ಬೆಣ್ಣೆ ಕುಯ್ದಂಗೆ ಕುಯ್ತದೆ,” ಎಂದ ಚಲುವರಾಜು.

“ನಮ್ಮನೇಲಿ ಗ್ಯಾಸ್ ಒಲೆ ಅದೆ. ನೀರೊಲೆಗೆ ತೆಂಗಿನ ಗರಿ ಸಾಕು. ಇರೋರು ಮೂರು ಜನ, ಮಗಳು ಓದ್ಮೇಲೆ ಇಬ್ಬರೇ! ಯಾರಿಗ್ರೀ ಈ ಪಾಟಿ ಸೌದೆ? ಯಾರಿಗೆ?”

ಅವನು ಪಂಚೆಯ ಅಂಚಿನಿಂದ ಮಿಷನ್ನಿನ ಧೂಳು ಒರೆಸತೊಡಗಿದ. ಕೊಟ್ಟಿಗೆಯ ಪಕ್ಕದಲ್ಲಿ ಅವನೇ ಕಟ್ಟಿಕೊಂಡ ಶೀಟಿನ ಮಾಡಿನಲ್ಲಿ ಆಗಲೇ ಆರು ಮಿಷನ್ನುಗಳು ಮಲ್ಲಿಗಮ್ಮನ ಹಳೇ ಸೀರೆ ಹೊದ್ದು ಮಲಗಿದ್ದವು. ಒಂದು ಎಲ್ಲಕ್ಕೂ ಮೊದಲು ತಂದದ್ದು, ಒಂದು ಕೊಂಬೆ ಸವರುವುದಕ್ಕೆ, ಒಂದು ದಪ್ಪ ದಿಮ್ಮಿಗೆ, ಒಂದು ಬ್ಯಾಟರಿಯದು, ಒಂದರ ಬಣ್ಣ ಚೆನ್ನಾಗಿತ್ತು ಅಂತ, ಇನ್ನೊಂದನ್ನು ಮೊಬೈಲಿನಲ್ಲಿ ಯಾರೋ ಓಡಿಸುವುದು ನೋಡಿದೆ ಅಂತ! ಬೆಳಗೆದ್ದು ಅವಕ್ಕೆ ಎಣ್ಣೆ ಹಾಕುವುದು, ಚೈನಿನ ಹಲ್ಲಿಗೆ ಅರ ಉಜ್ಜುವುದು, ಹೊತ್ತೇರಿದರೆ ಜಾಲಿ, ಹೊಂಗೆ, ಬಿದ್ದ ತೆಂಗು, ಏನು ಸಿಕ್ಕರೂ ಕೊಯ್ಯುವುದು. ಕೊಯ್ದ ಸೌದೆ ಸೂರಿನ ತನಕ ಏರಿತ್ತು. ಊರಿನವರು ಬಂದು ಪುಕ್ಕಟೆ ಹೊತ್ತುಕೊಂಡು ಹೋಗುತ್ತಿದ್ದರು. ಒಬ್ಬರಾದರೂ ಜಗಲಿಯ ಮೇಲೆ ಕುಳಿತು ಎರಡು ಮಾತಾಡಿದ್ದುಂಟೆ? ಸೌದೆ ಹೊತ್ತವರಿಗೆ ಕೂರಲು ಪುರುಸೊತ್ತೆಲ್ಲಿ!

ಆ ದಿನ ಮಲ್ಲಿಗಮ್ಮ ಜಗಳವನ್ನು ಅಲ್ಲಿಗೇ ನುಂಗಿಕೊಂಡಳು. ಹಾಲಿನ ಡೈರಿಯಿಂದ ಬರುವಾಗ ಅವಳ ಎದೆಯಲ್ಲಿ ಒಂದು ಗುಟ್ಟು ಕುಣಿಯುತ್ತಿತ್ತು. ಅದನ್ನು ಕೆಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಗುಟ್ಟು ಭಾವ ಜವರಯ್ಯನದು, ಚಲುವರಾಜುವಿನ ಒಡಹುಟ್ಟಿದ ಅಣ್ಣನದು. ಕೆರಗೋಡಿನಿಂದ ಎರಡು ಮೈಲಿ ಆಚೆಗಿರುವ ಅವರ ಊರಿನಲ್ಲಿ ಯಾರ ಮನೆಯ ಮದುವೆಯಾಗಲಿ, ದೊಡ್ಡ ದಿಮ್ಮಿ ಕೊಯ್ಯಲು ಈ ಅಣ್ಣತಮ್ಮಂದಿರೇ ಬೇಕಾಗಿತ್ತು. ಎರಡು ಹಿಡಿಯ ಗರಗಸದ ಆ ಕಡೆ ಅಣ್ಣ, ಈ ಕಡೆ ತಮ್ಮ. ಆರು ವರ್ಷದ ಹಿಂದೆ ಪಕ್ಕದ ಮನೆಯ ದೊಡ್ಡಸಿದ್ದಯ್ಯನ ಮಗನ ಮದುವೆಗೆ ಚಲುವರಾಜು ತನ್ನ ಮೊದಲನೆಯ ಮಿಷನ್ನನ್ನು ಹೆಗಲ ಮೇಲೆ ಹೊತ್ತು ತಂದ. ಅಣ್ಣ ಏದುಸಿರು ಬಿಡುವುದನ್ನು ಅವನು ಕಂಡಿದ್ದ. ಕಷ್ಟ ತಪ್ಪಲಿ ಅಂತಲೇ ತಂದಿದ್ದ. ಆದರೆ ನಾಲಿಗೆಗೆ ಮೂಳೆ ಇರಬೇಡವೆ? ದಿಮ್ಮಿ ಎರಡೇ ನಿಮಿಷದಲ್ಲಿ ತುಂಡಾದ ಹುಮ್ಮಸ್ಸಿನಲ್ಲಿ, “ಅಣ್ಣಯ್ಯ, ನೀನಿನ್ನು ಪಕ್ಕಕ್ಕೆ ಕೂತ್ಕಂಡು ಎಲೆಅಡ್ಕೆ ಆಕ್ಕೊ. ನಿನ್ ತೋಳಿನ ಕೆಲ್ಸ ಮುಗೀತು!” ಎಂದುಬಿಟ್ಟ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಜವರಯ್ಯ ನಗಲಿಲ್ಲ. ಕೊಡಲಿ ಎತ್ತಿಕೊಂಡು ಹೋದವನು ಹೆಂಡತಿ ಚಿಕ್ಕಬೋರಮ್ಮನ ಜೊತೆ ಊರಾಚೆಯ ತೋಟದ ಮನೆ ಸೇರಿದ. ಅಂದಿನಿಂದ ತಮ್ಮನ ಹೊಸಿಲು ತುಳಿಯಲಿಲ್ಲ, ಊರಿನ ಯಾವ ಮದುವೆಯಲ್ಲೂ ಮುಖ ತೋರಿಸಲಿಲ್ಲ. ‘ಅಬ್ಬಾ, ಏನು ಜಂಬ!’ ಅಂತ ಊರು ಆಡಿಕೊಂಡಿತು.

ಮಗಳು ರಂಜಿತ ನಡೆಯಲು ಕಲಿತದ್ದು ಆ ದೊಡ್ಡಪ್ಪನ ಬೆರಳು ಹಿಡಿದು. ಲಗ್ನಪತ್ರಿಕೆ ಕೊಡಲು ತೋಟದ ಮನೆಗೆ ಹೋದಾಗ ಜವರಯ್ಯ ಹೊರಗೇ ಬರಲಿಲ್ಲ. ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಬಂದಿದ್ದರು. “ದೊಡ್ಡಪ್ಪ ಇಲ್ದಿರೋ ಧಾರೆ ಎಂಥ ಧಾರೆ ಕಣವ್ವ?” ಅಂತ ಹುಡುಗಿ ಅಂದು ಮನೆ ಸೇರುವ ತನಕ ಅತ್ತಿದ್ದಳು.

ಆದರೆ ಅವರ ಊರಿನಲ್ಲಿ ಒಂದು ಕಟ್ಟಳೆ ಉಂಟು. ಮದುವೆಗೆ, ಚಪ್ಪರಕ್ಕೆ, ಬೀಗರೂಟಕ್ಕೆ ಕುಂಕುಮವಿಟ್ಟು ಕರೆಯಬೇಕು. ಸೌದೆಗೆ ಮಾತ್ರ ಯಾರೂ ಯಾರನ್ನೂ ಕರೆಯುವುದಿಲ್ಲ. ಇಂಥ ದಿನ ಸೌದೆ ಎಂದು ಸುದ್ದಿ ಹೋದರೆ ಸಾಕು, ಮನೆಗೊಬ್ಬರು ಕೊಡಲಿ ಹಿಡಿದು ತಾವಾಗಿ ಬರುತ್ತಾರೆ. ಮಾತು ಬಿಟ್ಟವರೂ ಬರಬಹುದು. ಯಾರು ಮೊದಲು ಮಾತಾಡಿಸಿದರು ಎಂಬ ಪ್ರಶ್ನೆಯೇ ಇಲ್ಲ. ಸೌದೆ ಒಡೆದು, ಆ ಮನೆಯಲ್ಲಿ ಉಂಡು ಎದ್ದರೆ ಹಳೇ ಮುನಿಸು ಅಲ್ಲಿಗೆ ತೀರಿತು.

ಅಂದು ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಚಿಕ್ಕಬೋರಮ್ಮ ಪಿಸುಗುಟ್ಟಿದ್ದಳು.

“ನಿಮ್ ಭಾವ ಅಟ್ಟದ ಮೇಲಿಂದ ಕೊಡ್ಲಿ ಇಳಿಸ್ಕೊಡು ಅಂದ್ರು ಕಣವ್ವ. ಸೌದೆ ಬುಧವಾರ ಅಲ್ವಾ ಅಂತ ಎರಡು ಸಲ ಕೇಳುದ್ರು. ನಿನ್ ಗಂಡನಿಗೆ ಮಾತ್ರ ಏಳ್ಬ್ಯಾಡ. ಗೊತ್ತಾದ್ರೆ ಎದುರು ನೋಡ್ಕಂಡು ನಿಂತ್ಕತಾನೆ, ಇವ್ರು ಅರ್ಧ ದಾರೀಲೇ ವಾಪಸ್ ಬತ್ತಾರೆ.”

“ನಿಮ್ಮಾಣೆ ಏಳಲ್ಲ ಅಕ್ಕ...” ಎಂದಿದ್ದಳು ಮಲ್ಲಿಗಮ್ಮ. ಆರು ವರ್ಷದಲ್ಲಿ ಓರಗಿತ್ತಿಯೊಂದಿಗೆ ಆಡಿದ ಮಾತೆಲ್ಲ ಆ ಡೈರಿಯ ಸಾಲಿನದೇ. ಮನೆಯಲ್ಲಿ ಮಾತಿಗೆ ಯಾರಿದ್ದಾರೆ? ಗಂಡ ಬಾಯಿ ತೆರೆದರೆ ಚೈನು, ಪೆಟ್ರೋಲು, ಆಯಿಲ್ಲು! ಹೇಳಲ್ಲ ಎಂದ ಆ ಒಂದು ಮಾತೇ ಅವಳ ತಪ್ಪಾಯಿತು.

ಮಂಗಳವಾರ ತಾಯಿ ಮಗಳು ಬಳೆ ತೊಡಿಸಿಕೊಂಡು, ರವಿಕೆ ಇಸಿದುಕೊಂಡು ಬರಲು ಮಂಡ್ಯಕ್ಕೆ ಹೋದರು. ಸಂಜೆ ನಾಲ್ಕರ ಬಸ್ಸಿಳಿದಾಗ ಊರೊಳಗಿನಿಂದ ‘ಗೊರ್ರ್...’ ಎಂಬ ಸದ್ದು ಕೇಳಿಸಿತು. ಮಲ್ಲಿಗಮ್ಮ ಕೈಚೀಲವನ್ನು ಮಗಳ ಕೈಗಿತ್ತು ಓಡಿದಳು.

ಬೀಗರೂಟಕ್ಕೆಂದು ವಾರದಿಂದ ಅಂಗಳದಲ್ಲಿ ಉರುಳಿಸಿಟ್ಟಿದ್ದ ಒಂಬತ್ತು ದಿಮ್ಮಿಗಳಲ್ಲಿ ಒಂದೂ ಉಳಿದಿರಲಿಲ್ಲ. ಅಡ್ಡಕ್ಕೆ ಕೊಯ್ದು, ಉದ್ದಕ್ಕೆ ಸೀಳಿ, ಅಚ್ಚುಕಟ್ಟಾಗಿ ಪೇರಿಸಿಟ್ಟಿತ್ತು! ಹೊಸ ಮಿಷನ್ನು ಹಿಡಿದ ಚಲುವರಾಜು ಅಡಿಯಿಂದ ಮುಡಿಯ ತನಕ ಮರದ ಹೊಟ್ಟಾಗಿ ನಿಂತು ನಗುತ್ತಿದ್ದ.

“ನೋಡ್ದಾ ಮಲ್ಲಿ? ಒಂದೇ ದಿನ! ಯಾರ ಅಂಗೂ ಇಲ್ಲ. ನಾಳೆ ಬರೋರಿಗೆ ಕಾಫಿ ಕೊಟ್ಟು ಕಳ್ಸದೇ ಕೆಲ್ಸ.”

“ಅಯ್ಯೋ... ಮನೆ ಹಾಳ್ಮಾಡ್ಬುಟ್ರಲ್ಲಾ!” ಮಲ್ಲಿಗಮ್ಮ ಆ ಹೊಟ್ಟಿನ ಮೇಲೆಯೇ ಕುಸಿದು ಕುಳಿತಳು. “ನಾಳೆ ಭಾವ ಬತ್ತಿದ್ರು ಕಣ್ರೀ! ಕೊಡ್ಲಿ ಇಳಿಸ್ಕಂಡವ್ರಂತೆ. ಆರು ವರ್ಸ ಆದ್ಮೇಲೆ... ಈಗ ಬಂದು ಏನ್ ಮಾಡ್ತಾರೆ? ಯಾವ ನೆವದಲ್ಲಿ ಒಳಕ್ಕೆ ಬತ್ತಾರೆ?”

ಚಲುವರಾಜುವಿನ ಕೈಯಲ್ಲಿ ಮಿಷನ್ನು ಇನ್ನೂ ಗುರುಗುಟ್ಟುತ್ತಿತ್ತು. ಅವನು ಅದನ್ನು ನಿಲ್ಲಿಸಿದ. ಊರೆಲ್ಲ ಗಪ್ಪಾದಂತಾಯಿತು.

“ನಂಗ್ಯಾಕೆ ಏಳ್ನಿಲ್ಲ ನೀನು?” ಎಂದ. ಸಿಟ್ಟಿರಲಿಲ್ಲ, ಅವನ ಧ್ವನಿ ಅಷ್ಟು ಸಣ್ಣದಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. “ಅಣ್ಣಯ್ಯ ಓದ್ಮೇಲೆ ನಂಗೆ ಸುಮ್ನೆ ಕೂರಕೇ ಆಗ್ನಿಲ್ಲ ಕಣಮ್ಮಿ. ಮಿಷನ್ ನಿಂತ್ರೆ ಮನೆ ತುಂಬಾ ಬಿಕೋ ಅಂತದೆ. ಅದ್ಕೇ ಇನ್ನೊಂದ್ ತತ್ತೀನಿ, ಮತ್ತೊಂದ್ ತತ್ತೀನಿ...”

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಶೀಟು ಕಳಚುವ ಸದ್ದಾಯಿತು. ಮಲ್ಲಿಗಮ್ಮ ಬಂದು ನೋಡಿದರೆ ಗಂಡ ತನ್ನ ಮಿಷನ್ನುಗಳ ಮಾಡನ್ನೇ ಕೆಡವುತ್ತಿದ್ದಾನೆ! ಏಳೂ ಮಿಷನ್ನುಗಳು ಮಣ್ಣಿನಲ್ಲಿ ಸಾಲಾಗಿ ಬಿದ್ದಿದ್ದವು. ಮಾಡಿನ ನಡುಗಂಬವಾಗಿದ್ದ ದಪ್ಪನೆಯ ಜಾಲಿ ಬೊಡ್ಡೆಯನ್ನು ಕಿತ್ತು ಅಂಗಳದ ಮೂಲೆಗೆ ಉರುಳಿಸಿ, ಅಂಗೈಯಲ್ಲಿ ಅದರ ಮಣ್ಣು ಸವರಿ, “ಇದೊಂದಾದ್ರೂ ಅಣ್ಣಯ್ಯನಿಗೆ ಇರ್ಲಿ,” ಎಂದ. ಅವಳಿಗೆ ಎಷ್ಟು ವರ್ಷದ ಮೇಲೋ ಗಂಡನ ಮೇಲೆ ಅಯ್ಯೋ ಅನ್ನಿಸಿತು.

ಎಂಟು ಗಂಟೆಗೆ ಜನ ಬಂದರು. ಪೇರಿಸಿದ ಸೌದೆ ನೋಡಿ ನಕ್ಕರು, ಕಾಫಿ ಕುಡಿದರು. ಮೂಲೆಯ ಬೊಡ್ಡೆಯನ್ನು ಮಾತ್ರ ಚಲುವರಾಜು ಯಾರಿಗೂ ಮುಟ್ಟಗೊಡಲಿಲ್ಲ. “ನಮಗೂ ಒಂದಿಷ್ಟು ಬುಟ್ಟಿದ್ರೆ ನಿನ್ ಗಂಟೇನು ಓಯ್ತಿತ್ಲಾ?” ಎಂದು ದೊಡ್ಡಸಿದ್ದಯ್ಯ ರೇಗಿಸಿದ. ಒಬ್ಬೊಬ್ಬರಾಗಿ ಹೊರಟೇಹೋದರು. ಅಂಗಳ ಖಾಲಿಯಾಯಿತು.

ಹತ್ತರ ಸುಮಾರಿಗೆ ಓಣಿಯ ತಿರುವಿನಲ್ಲಿ ಜವರಯ್ಯ ಕಂಡ. ಎಷ್ಟು ಇಳಿದುಹೋಗಿದ್ದ! ಎಡ ಹೆಗಲ ಮೇಲೆ ಕೊಡಲಿ, ಬಲಗೈಯನ್ನು ಟವೆಲ್ಲಿನಲ್ಲಿ ಮರೆಮಾಡಿದ್ದ. ಗೇಟಿನ ಹತ್ತಿರ ನಿಂತು ಖಾಲಿ ಅಂಗಳವನ್ನೂ ಪೇರಿಸಿದ ಸೌದೆಯನ್ನೂ ನೋಡಿದ. ಮಲ್ಲಿಗಮ್ಮ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

“ಎಲ್ಲಾ ಆಗೋಗದಲ್ಲ. ಜನಾನೂ ಓದ್ರಾ?” ಎಂದ, ಯಾರಿಗೂ ಅಲ್ಲವೆಂಬಂತೆ.

“ಇಲ್ಲ ಅಣ್ಣಯ್ಯ, ಇದೊಂದು ಅದೆ! ನಿಂಗೇ ಅಂತ ಮಡಗಿವ್ನಿ!” ಚಲುವರಾಜು ಓಡಿಹೋಗಿ ಬೊಡ್ಡೆಯನ್ನು ಅಣ್ಣನ ಕಾಲ ಬಳಿಗೆ ಉರುಳಿಸಿದ. ಮುಖದ ತುಂಬ ಆಸೆ.

ಜವರಯ್ಯ ಬೊಡ್ಡೆಯನ್ನು ನೋಡಿದ. ತಮ್ಮನನ್ನು ನೋಡಿದ. ಹಿಂದಕ್ಕೆ ತಿರುಗುವನೇನೋ ಎಂದುಕೊಂಡಳು ಮಲ್ಲಿಗಮ್ಮ. ತಿರುಗಲಿಲ್ಲ. ಟವೆಲ್ಲು ಕೆಳಗೆ ಹಾಕಿ ಎರಡೂ ಕೈಯಲ್ಲಿ ಕೊಡಲಿ ಎತ್ತಿದ. ಎದೆಯ ಮಟ್ಟಕ್ಕೂ ಏರಲಿಲ್ಲ... ಬಲಗೈ ಗಡಗಡನೆ ನಡುಗಿತು. ಕೊಡಲಿ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

“ಅಣ್ಣಯ್ಯಾ!”

“ಮುಟ್ಬ್ಯಾಡ, ನಿಂತ್ಕೊ.” ಜವರಯ್ಯ ಬೊಡ್ಡೆಯ ಮೇಲೆ ಕುಳಿತ. “ಏಳು ವರ್ಸ ಆಯ್ತು ಕಣ್ಲಾ ಈ ಕೈ ಇಂಗಾಗಾಕೆ ಸುರುವಾಗಿ. ನರ ಸಾಯ್ತಾ ಅದೆ, ವಾಸಿ ಆಗಾಕಿಲ್ಲ ಅಂದ್ರು ಮೈಸೂರಿನ ಡಾಕ್ಟ್ರು. ಯಾರ್ಗೂ ಏಳ್ಕೂಡ್ದು ಅಂತ ನಿಮ್ಮತ್ತಿಗೆ ಕೈಲಿ ಆಣೆ ಇಕ್ಕಿಸ್ಕಂಡಿದ್ದೆ. ಅವತ್ತು ನೀನು ಅಷ್ಟು ಜನದ ಮುಂದೆ, ತೋಳಿನ ಕೆಲ್ಸ ಮುಗೀತು ಅಂದೆ. ಸುಳ್ಳಾಗಿದ್ರೆ ನಾನೂ ನಕ್ಬುಡ್ತಿದ್ದೆ. ನಿಜ ಆಗಿತ್ತು ಕಣ್ಲಾ ಚಲುವ... ಅದ್ಕೇ ತಡ್ಕಳಾಕೆ ಆಗ್ನಿಲ್ಲ.”

ಚಲುವರಾಜು ನೆಲಕ್ಕೆ ಕುಳಿತುಬಿಟ್ಟ.

“ಮತ್ತೆ ಇವತ್ತು... ಯಾಕಣ್ಣಯ್ಯ ಕೊಡ್ಲಿ ತಂದೆ?”

“ಅತ್ತು ಜನ ಇರ್ತಾರೆ, ನಡುವೆ ಸೇರ್ಕಂಡು ನಾಲ್ಕು ಚಕ್ಕೆ ಎತ್ತಾಕಿದ್ರೆ ಯಾರ್ಗೆ ಗೊತ್ತಾದಾತು ಅನ್ಕಂಡೆ. ರಂಜಿ ಮದ್ವೆ ಸೌದೆಗೆ ಬರ್ದಿದ್ರೆ ನಾನ್ಯಾಕೆ ಬದುಕಿರ್ಬೇಕು ಏಳು.”

ಜನ! ಆ ಜನವನ್ನೇ ತನ್ನ ಗಂಡ ಕಾಫಿ ಕೊಟ್ಟು ಕಳಿಸಿದ್ದ. ಅಣ್ಣನಿಗೆಂದು ಅಷ್ಟು ಪ್ರೀತಿಯಿಂದ ಉಳಿಸಿದ ಆ ಒಂದೇ ಬೊಡ್ಡೆ ಅವನ ಗುಟ್ಟನ್ನು ಬಯಲಿಗೆಳೆದಿತ್ತು. ಮಲ್ಲಿಗಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ರಂಜಿತ ಮಾತ್ರ ತಡೆಯಲಾರದೆ ಓಡಿಬಂದು ದೊಡ್ಡಪ್ಪನ ಆ ಸತ್ತ ಕೈಯನ್ನು ಹಿಡಿದು ಮುಖಕ್ಕೊತ್ತಿಕೊಂಡಳು.

ಜವರಯ್ಯ ಎದ್ದು ಹೊರಡಲು ನೋಡಿದ. ಭಾವನ ಎದುರು ದನಿ ಎತ್ತಿದವಳಲ್ಲ ಮಲ್ಲಿಗಮ್ಮ, ಅಂದು ಎತ್ತಿದಳು. “ಭಾವ, ಸೌದೆಗೆ ಬಂದೋರು ಉಣ್ದೆ ಓಗಂಗಿಲ್ಲ!”

“ಊಟ ಬ್ಯಾಡ ಕಣವ್ವ...”

“ಬ್ಯಾಡ ಅಂದ್ರೆ ನಾನು ಬುಡಲ್ಲ. ಎದ್ದೇಳಿ!”

ಒಳಗೆ ಅವರೆಕಾಳು ಸಾರು, ಬಿಸಿ ಮುದ್ದೆ ಬಡಿಸಿದಳು. ಜವರಯ್ಯ ಮನೆಯವರ ಕಡೆಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಕುಳಿತ. ತಟ್ಟೆಯನ್ನು ಮುಟ್ಟಲೇ ಇಲ್ಲ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈ ತಟ್ಟೆಯ ತನಕ ಬಂದು ಹಿಂದಕ್ಕೆ ಹೋಯಿತು. ಮಲ್ಲಿಗಮ್ಮನಿಗೆ ಆಗ ಅರ್ಥವಾಯಿತು. ಈ ಮನುಷ್ಯ ಯಾವ ಮದುವೆಗೂ ಬಾರದಿದ್ದುದು ಜಂಬದಿಂದಲ್ಲ. ನಾಲ್ಕು ಜನದ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವುದು ಹೇಗೆ? ಇಷ್ಟು ವರ್ಷ ಹೀಗೇ, ತೋಟದ ಮನೆಯಲ್ಲಿ, ಗೋಡೆಯನ್ನು ನೋಡಿಕೊಂಡು ಒಬ್ಬನೇ ಉಂಡಿದ್ದಾನೆ... ಶಿವನೇ!

“ಧಾರೆಗೆ ಬತ್ತೀನಿ,” ಎಂದ ಜವರಯ್ಯ ಗೋಡೆಗೆ. “ಅಕ್ಷತೆ ಆಕಿ ಒಂಟೋಯ್ತೀನಿ. ಛತ್ರದಲ್ಲಿ ಊಟಕ್ಕೆ ಕೂರ್ಸಬ್ಯಾಡಿ.”

ಚಲುವರಾಜು ತನ್ನ ತಟ್ಟೆಯನ್ನು ಎಳೆದುಕೊಂಡು ಅಣ್ಣನ ಪಕ್ಕದಲ್ಲಿ, ಅವನ ಹಾಗೆಯೇ ಗೋಡೆಗೆ ಮುಖ ಮಾಡಿ ಕುಳಿತ. ಬಲಗೈಯನ್ನು ಬೆನ್ನ ಹಿಂದೆ ಇಟ್ಟ.

“ಕೂರ್ತೀಯ ಅಣ್ಣಯ್ಯ. ಮೊದಲ್ನೇ ಪಂಕ್ತೀಲಿ, ಬೀಗರ ಎದುರ್ಗೇ ಕೂರ್ತೀಯ. ನಿನ್ ಪಕ್ಕದ ಎಲೇಲಿ ನಾನೂ ಎಡಗೈಲೇ ಉಣ್ತೀನಿ.”

“ಎಣ್ಣಿನ ಅಪ್ಪ ಕಣ್ಲಾ ನೀನು. ಜನ ಏನಂದಾರು?”

“ಅನ್ನೋರು ಅನ್ಲಿ ಬುಡು.”

ಚಲುವರಾಜು ಎಡಗೈಯಿಂದ ಮುದ್ದೆ ಮುರಿಯಲು ಹೋದ. ಅಭ್ಯಾಸವಿಲ್ಲದ ಬೆರಳುಗಳಿಗೆ ಬಿಸಿ ಮುದ್ದೆ ಅಂಟಿಕೊಂಡು, ತುತ್ತು ಜಾರಿ ಸಾರಿಗೆ ಬಿದ್ದು ಅಂಗಿಯ ಮೇಲೆಲ್ಲ ಚೆಲ್ಲಿತು. ಜವರಯ್ಯ ಓರೆಗಣ್ಣಿನಿಂದ ನೋಡಿದ.

“ಅಂಗಲ್ಲ ಕಣ್ಲಾ, ಬಡ್ಡೆತ್ತದೆ. ಮೊದ್ಲು ಬೆರಳು ಸಾರಲ್ಲಿ ಅದ್ಕೊ. ಆಮೇಲೆ ಅಂಚಿಂದ ಮುರಿ,” ಎಂದ. ತನ್ನ ಎಡಗೈಯನ್ನು ತಟ್ಟೆಗೆ ಹಾಕಿ ತೋರಿಸಿದ. ತುತ್ತನ್ನು ನುಂಗಿದ. ಅವನ ಕಣ್ಣಿನಿಂದ ಎರಡು ಹನಿ ಗಡ್ಡದೊಳಕ್ಕೆ ಇಳಿದವು.

ಅಣ್ಣತಮ್ಮಂದಿರು ಎಡಗೈಯಲ್ಲೇ ಉಣ್ಣುತ್ತಿದ್ದರು. ಮಲ್ಲಿಗಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಮುದ್ದೆ ತರಲು ಎದ್ದಳು.