ಕಕಾರದ ಫ್ಲಾಪಿ

2025ರ ಫೆಬ್ರುವರಿ 11, ಬೆಳಗ್ಗೆ 10.40. ಚಾಮರಾಜಪೇಟೆಯ ಠಾಣೆಗೆ ರುದ್ರಾಣಿ ಎಂಬ ಹಿರಿಯ ಹೆಂಗಸು ದೂರು ತಂದರು. ಮೇಷ್ಟ್ರಾಗಿದ್ದ, ತೀರಿಹೋದ ಪತಿ ಇಪ್ಪತ್ತು ವರ್ಷ ಕೂಡಿಸಿದ್ದ ಸಂತೆಮಾತಿನ ನಿಘಂಟು ಹನ್ನೆರಡು ಫ್ಲಾಪಿಗಳಲ್ಲಿತ್ತು, ಬೇರೆ ಪ್ರತಿ ಇಲ್ಲ. ಅಚ್ಚಿಗೆ ಕೊಡುವ ಹೊತ್ತಿಗೆ ಬೀರುವಿನಿಂದ ಅವು ಮಾಯವಾಗಿದ್ದವು.

"ಮನೆಗೆ ಯಾರು ಬಂದಿದ್ರು?" ಇನ್‌ಸ್ಪೆಕ್ಟರ್ ಶಶಿರೇಖಾ ಕೇಳಿದರು.

"ಭಾನುವಾರ ಮನೋಹರ್ ಒಬ್ನೇ. ಯಜಮಾನ್ರಿಗೆ ಟೈಪ್ ಮಾಡಿಕೊಡ್ತಿದ್ದೋನು. ನಾನು ಕಾಫಿ ತರೋಕೆ ಒಳಗೆ ಹೋಗಿದ್ದೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 2.15ಕ್ಕೆ ಮಾಮೂಲ್‌ಪೇಟೆಯಲ್ಲಿರುವ ಮನೋಹರನ ಡಿಟಿಪಿ ಅಂಗಡಿಯಲ್ಲಿ ಪಂಚರ ಎದುರು ಶೋಧ ನಡೆಯಿತು. ಡ್ರಾಯರಿನಲ್ಲಿ ಹನ್ನೆರಡು ಫ್ಲಾಪಿಗಳು ಸಿಕ್ಕವು. ಎಲ್ಲದರ ಚೀಟಿಯನ್ನೂ ಕಿತ್ತು ಹಾಕಲಾಗಿತ್ತು.

"ಖಾಲಿ ಡಿಸ್ಕ್ ಮೇಡಂ. ನಮ್ಮವೇ, ಹಳೇವು," ಎಂದ ಮನೋಹರ.

ಕಾನ್‌ಸ್ಟೇಬಲ್ ಸಿದ್ದಬಸಪ್ಪ ಲ್ಯಾಪ್‌ಟಾಪಿಗೆ ಫ್ಲಾಪಿ ಡ್ರೈವ್ ಸಿಕ್ಕಿಸಿ ಒಂದೊಂದಾಗಿ ಹಾಕಿ ನೋಡಿದ. 'ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಬೇಕೆ?' ಹನ್ನೆರಡಕ್ಕೂ ಪರದೆ ಅದನ್ನೇ ಕೇಳಿತು. ಶಶಿರೇಖಾ ಫ್ಲಾಪಿಗಳನ್ನು ತಿರುವಿ ನೋಡಿದರು. ಅಷ್ಟೂ ವರ್ಷದ ದುಡಿಮೆ ಅಳಿಸಿಹೋಯಿತೆ? ಆದರೆ ಖಾಲಿ ಡಿಸ್ಕಿನ ಚೀಟಿಯನ್ನು ಯಾರು ಕೀಳುತ್ತಾರೆ? ಅವರು ಅವುಗಳಲ್ಲಿ ಒಂದೇ ಒಂದಾಗಿದ್ದ ಕೆಂಪು ಫ್ಲಾಪಿಯ ಮೂಲೆಯ ಪುಟ್ಟ ಗುಂಡಿಯನ್ನು ಸದ್ದಿಲ್ಲದೆ ಸರಿಸಿದರು. ಇನ್ನು ಯಾರು ಏನು ಒತ್ತಿದರೂ ಅದರಲ್ಲಿದ್ದದ್ದು ಅಳಿಯುವಂತಿರಲಿಲ್ಲ.

"ಖಾಲಿ ತಾನೆ? ಸಿದ್ದಬಸಪ್ಪ, ಇದನ್ನ ಫಾರ್ಮ್ಯಾಟ್ ಮಾಡ್ಬಿಡಿ."

ಮನೋಹರ ಧಡಕ್ಕನೆ ಕಾನ್‌ಸ್ಟೇಬಲ್‌ನ ಮಣಿಕಟ್ಟು ಹಿಡಿದುಕೊಂಡ. "ಬೇಡ ಅಣ್ಣ. ಅದು ಕಕಾರ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ," ಎಂದು ಸಿದ್ದಬಸಪ್ಪ ಗೊಣಗಿದ.

ಮನೋಹರ ಹಿಡಿದ ಕೈ ಬಿಟ್ಟ. "ಒಂದು ಅಕ್ಷರ ಒಂದೇ ಡಿಸ್ಕಲ್ಲಿ ಇರ್ಬೇಕು ಅಂತ ಮೇಷ್ಟ್ರ ಹಟ. ಕಕಾರ 1.44 ಎಂಬಿ ಡಿಸ್ಕಲ್ಲಿ ಹಿಡೀಲಿಲ್ಲ. ಡಿಸ್ಕಿನ ಒಂದೊಂದು ಸುತ್ತಲ್ಲಿ ಹದಿನೆಂಟು ಸೆಕ್ಟರ್, ಅಂದ್ರೆ ಮನೆ, ಇರೋ ಕಡೆ ಇಪ್ಪತ್ತೊಂದು ಕೂರಿಸಿ 1.68 ಮಾಡ್ದೆ. ಆಮೇಲೆ ಎಲ್ಲಾನೂ ಹಾಗೇ. ಈ ಹೊಸ ಡ್ರೈವ್‌ಗೆ ಅದು ಗೊತ್ತಾಗಲ್ಲ."

ಮೂಲೆಯಲ್ಲಿದ್ದ ಅವನ ಹಳೆಯ ಕಂಪ್ಯೂಟರಿನಲ್ಲಿ ಕಕಾರ ತೆರೆಯಿತು. ಪ್ರತಿ ಪದದ ಪಕ್ಕ ಹೇಳಿದವರ ಹೆಸರಿತ್ತು. ಪುಟ ಪುಟದಲ್ಲೂ ಒಂದೇ ಹೆಸರು: ಅಂಜನಮ್ಮ, ಸೊಪ್ಪು ಮಾರುವವರು.

"ಯಾರಿದು?"

"ನಮ್ಮಮ್ಮ. ಓದು ಬರಹ ಇರ್ಲಿಲ್ಲ. ಹೇಳಿದವರ ಹೆಸರು ಪುಸ್ತಕದಲ್ಲಿ ಬೇಡ, ತೆಗೆದ್ಹಾಕು ಅಂದ್ರು ರುದ್ರಾಣಮ್ಮ. ಅದನ್ನೆಲ್ಲ ಯಾರು ಓದ್ತಾರೆ ಅಂದ್ರು."

ಶಶಿರೇಖಾ ಆ ಹೆಸರು ಎಷ್ಟು ಸಲ ಬಂದಿದೆಯೆಂದು ಕಂಪ್ಯೂಟರಿನಲ್ಲಿ ಎಣಿಕೆ ಹಾಕಿಸಿದರು. ಆದರೂ ಕಳವು ಕಳವೇ. ಸಂಜೆ 4.50ಕ್ಕೆ ಬಂಧನವಾಯಿತು. ಡಿಸ್ಕಿನಲ್ಲಿ ಏನಿದೆಯೆಂದು ಪಂಚನಾಮೆಯಲ್ಲಿ ಬರೆಯಬೇಕಿತ್ತು. ಅವರು ನಿಧಾನವಾಗಿ ಹೇಳಿ ಬರೆಸಿದರು: "ಕಕಾರ. ಇದರಲ್ಲಿ 412 ಪದಗಳನ್ನು ಹೇಳಿದವರು ಅಂಜನಮ್ಮ."

ಸಿದ್ದಬಸಪ್ಪ ಬರೆದದ್ದನ್ನು ಓದಿ ಹೇಳಿ, ಸಹಿಗೆಂದು ಹಾಳೆ ಮುಂದಿಟ್ಟ. ಮನೋಹರನ ಪೆನ್ನು ಆ ಸಾಲಿನ ಮೇಲೇ ನಿಂತಿತು.

"ಅಮ್ಮನ ಹೆಸರಲ್ಲಿ ಮಕಾರದ ಒತ್ತು ಬಿಟ್ಟುಹೋಗಿದೆ ಅಣ್ಣ," ಎಂದ. "ಹಾಕ್ಬಿಡಿ."